ಕ್ಯೋಟೋದ ಜುಲೈ 17: ಬೆಳಿಗ್ಗೆ ತೇರು, ಸಂಜೆ ದೇವರು

ಜಪಾನಿನ ಕ್ಯೋಟೋದಲ್ಲಿ ನಡೆಯುವ ಗಿಯೋನ್ ಮತ್ಸುರಿ ಎಂಬ ಹಬ್ಬ ನೋಡಲು ಬಂದ ಪ್ರವಾಸಿಗರಲ್ಲಿ ಬಹಳ ಜನ ಮಧ್ಯಾಹ್ನ ಹನ್ನೆರಡಕ್ಕೆಲ್ಲ ಹೋಟೆಲ್ ಸೇರಿಬಿಡುತ್ತಾರೆ. 9 ಗಂಟೆಗೆ ಹೊರಟ 23 ತೇರುಗಳನ್ನು ನೋಡಿಯಾಯಿತು, ಬಿಸಿಲಿಗೆ ಬಸವಳಿದೂ ಆಯಿತು, ಇನ್ನೇನು ಉಳಿದಿದೆ ಎಂಬ ಲೆಕ್ಕ. ಆದರೆ ಬೆಳಗಿನ ತೇರುಗಳು ಹೊರಡುವುದೇ ಬೀದಿಯನ್ನು ಚೊಕ್ಕ ಮಾಡಲಿಕ್ಕೆ. ಊರಿನ ರೋಗರುಜಿನ, ಕೆಟ್ಟ ಗಾಳಿಯನ್ನೆಲ್ಲ ಅವು ತಮ್ಮತ್ತ ಸೆಳೆದುಕೊಂಡು ಹೋದ ಮೇಲೆ, ಅದೇ ಸಂಜೆ ಯಾಸಾಕಾ ದೇಗುಲದ ದೇವರು ಪೇಟೆಗೆ ಇಳಿಯುತ್ತದೆ. ಹಾಗಾಗಿ ಈ ದಿನವನ್ನು ಎರಡು ತುದಿಯಿಂದಲೂ ಯೋಜಿಸಿಕೊಳ್ಳಬೇಕು. ಬೆಳಿಗ್ಗೆ ಬೇಗ ಏಳಬೇಕು, ಮಧ್ಯಾಹ್ನ ಮಲಗಬೇಕು, ಸಂಜೆ ಮತ್ತೆ ಬೀದಿಗೆ ಬರಬೇಕು.

ಹಬ್ಬದ ಬೇರು 869ರಲ್ಲಿದೆ. ಆಗ ಹರಡಿದ ಸಾಂಕ್ರಾಮಿಕ ರೋಗವನ್ನು ಶಾಂತಗೊಳಿಸಲು, ದೇಶದ 66 ಪ್ರಾಂತ್ಯಗಳ ಲೆಕ್ಕದಲ್ಲಿ 66 ಉದ್ದ ಹಿಡಿಯ ಆಯುಧಗಳನ್ನು ಶಿನ್‌ಸೆನ್‌ಎನ್ ಎಂಬ ಅರಮನೆ ತೋಟದಲ್ಲಿ ನೆಟ್ಟು ಪೂಜಿಸಿದರು. ಆ ಆಯುಧದ ಹೆಸರು ಹೋಕೊ. ಇಂದಿಗೂ ದೊಡ್ಡ ತೇರುಗಳನ್ನು ಹಾಗೆಯೇ ಕರೆಯುತ್ತಾರೆ. ಗಿಯೋನ್ ಎಂಬ ಮಾತಿನ ಮೂಲವಂತೂ ನಮ್ಮ ದೇಶದ್ದೇ: ಶ್ರಾವಸ್ತಿಯಲ್ಲಿ ಬುದ್ಧ ತಂಗಿದ್ದ ಜೇತವನಕ್ಕೆ ಜಪಾನಿನಲ್ಲಿ ‘ಗಿಯೋನ್ ಶೋಜಾ’ ಎನ್ನುತ್ತಾರೆ. ಆ ವನದ ಕಾವಲು ದೈವವೆಂದು ನಂಬಿದ್ದ ಗೋಜು ತೆನ್ನೋ, ಅಂದರೆ ಗೂಳಿತಲೆಯ ದೇವರು, ಇಲ್ಲಿ ರೋಗದ ಒಡೆಯ. 1868ರಲ್ಲಿ ಶಿಂತೋ ಮತ್ತು ಬೌದ್ಧ ಆಚರಣೆಗಳನ್ನು ಬೇರ್ಪಡಿಸಿದಾಗ ದೇಗುಲಕ್ಕೆ ಯಾಸಾಕಾ ಎಂಬ ಹೆಸರು ಬಂತು, ದೇವರು ಸುಸಾನೊಓ ಎಂಬ ಶಿಂತೋ ದೈವವಾದ. ಹಬ್ಬಕ್ಕೆ ಮಾತ್ರ ಹಳೆಯ ಹೆಸರೇ ಉಳಿಯಿತು.

ಸಾಧ್ಯವಿದ್ದರೆ ಹಿಂದಿನ ಸಂಜೆಯೇ, ಅಂದರೆ 16ರ ಯೊಯಿಯಾಮಾಕ್ಕೇ, ಬೀದಿಗೆ ಬನ್ನಿ. ಶಿಜೋ ಮತ್ತು ಕರಸುಮಾ ರಸ್ತೆಗಳು ಸಂಜೆ 6ರಿಂದ ವಾಹನಗಳಿಗೆ ಬಂದ್. ತೇರುಗಳು ತಂತಮ್ಮ ಕೇರಿಯಲ್ಲಿ ಲಾಟೀನು ಹೊತ್ತು ನಿಂತಿರುತ್ತವೆ. ಮೇಲಿಂದ ಕಂಚಿನ ಗಂಟೆ, ಕೊಳಲು, ಡೋಲಿನ ಸದ್ದು ಕೇಳುತ್ತಿರುತ್ತದೆ. ಆ ನಾದಕ್ಕೆ ಊರವರು ‘ಕೊನ್‌ಚಿಕಿಚಿನ್’ ಅನ್ನುತ್ತಾರೆ, ಕೇಳಿದರೆ ಹಾಗೇ ಕೇಳುತ್ತದೆ. ಕೆಲವು ತೇರುಗಳ ಮೇಲೆ ಹತ್ತಲು ಬಿಡುತ್ತಾರೆ, ಚಪ್ಪಲಿ ಬಿಚ್ಚಿಟ್ಟುಕೊಳ್ಳಲು ಒಂದು ಚೀಲ ಜೊತೆಗಿರಲಿ. ನಾಗಿನಾತಾ ಹೋಕೊ ಎಂಬ ತೇರಿನ ಮೇಲಂತೂ ಇವತ್ತಿಗೂ ಹೆಂಗಸರಿಗೆ ಪ್ರವೇಶವಿಲ್ಲ. ದೂರದಿಂದ ಬಂದು, ಸಾಲಿನಲ್ಲಿ ನಿಂತು, ಕೊನೆಗೆ ಅದು ತಿಳಿಯುವುದು ಬೇಸರದ ಸಂಗತಿ, ಮೊದಲೇ ಗೊತ್ತಿರಲಿ.

ಬಾಡಿಗೆಗೆ ಯುಕಾತಾ ಎಂಬ ಹತ್ತಿಯ ಬೇಸಿಗೆ ಉಡುಪು ಉಡುವವರು ಒಂದು ವಿಷಯ ತಪ್ಪಬಾರದು. ಬಲಗಡೆಯ ಸೆರಗು ಮೊದಲು ಮೈಗೆ ಅಂಟಬೇಕು, ಎಡಗಡೆಯದು ಅದರ ಮೇಲೆ ಬರಬೇಕು. ಗಂಡಸಾಗಲಿ ಹೆಂಗಸಾಗಲಿ ಕ್ರಮ ಒಂದೇ. ತಿರುಗುಮುರುಗಾಗಿ ಉಡಿಸುವುದು ಹೆಣಕ್ಕೆ. ಕನ್ನಡಿಯಲ್ಲಿ, ಸೆಲ್ಫಿಯಲ್ಲಿ ಎಡಬಲ ಅದಲುಬದಲಾಗಿ ಕಾಣುವುದರಿಂದ ಎಡವಟ್ಟಾಗುವುದು ಹೆಚ್ಚು. ಬಲಗೈ ಸಲೀಸಾಗಿ ಎದೆಯ ಬಳಿಯ ಮಡಿಕೆಯೊಳಗೆ ಹೋದರೆ ಸರಿಯಾಗಿ ಉಟ್ಟಿದ್ದೀರಿ. ಗೇತಾ ಎಂಬ ಮರದ ಮೆಟ್ಟು ಹೆಬ್ಬೆರಳ ಸಂದಿಯಲ್ಲಿ ಅರ್ಧ ಗಂಟೆಯೊಳಗೆ ಬೊಕ್ಕೆ ಎಬ್ಬಿಸುತ್ತದೆ. ನಡೆಯುವ ಮೊದಲೇ ಅಲ್ಲಿ ಪ್ಲಾಸ್ಟರ್ ಹಚ್ಚಿ, ಆದ ಮೇಲೆ ಹಚ್ಚಿ ಪ್ರಯೋಜನವಿಲ್ಲ.

ತೇರಿನ ಬಳಿ ಮಾರುವ ಚಿಮಾಕಿ ಕೊಳ್ಳಿ, ಸುಮಾರು ಸಾವಿರ ಯೆನ್. ಬಿದಿರೆಲೆಯಲ್ಲಿ ಸುತ್ತಿದ ಸಿಹಿತಿಂಡಿಗೂ ಅದೇ ಹೆಸರಿರುವುದರಿಂದ ಬಿಚ್ಚಿ ನೋಡುವವರಿದ್ದಾರೆ. ಒಳಗೆ ತಿನ್ನುವುದೇನೂ ಇಲ್ಲ. ಇದು ಬಾಗಿಲ ಮೇಲೆ ವರ್ಷವಿಡೀ ತೂಗುಹಾಕುವ ರಕ್ಷೆ. ‘ನಾನು ಸೋಮಿನ್ ಶೋರಾಯ್‌ನ ವಂಶದವನು’ ಎಂಬ ಸಾಲು ಅದರ ಮೇಲಿರುತ್ತದೆ. ಅಲೆದು ಬಂದ ದೇವರಿಗೆ ಬಡವನಾದರೂ ಮನೆಯಲ್ಲಿ ಜಾಗ ಕೊಟ್ಟವನು ಸೋಮಿನ್. ಅವನ ಕುಲವನ್ನು ರೋಗ ಮುಟ್ಟುವುದಿಲ್ಲ ಎಂದು ದೇವರು ಮಾತು ಕೊಟ್ಟ ಕಥೆ ಅದು.

17ರ ಬೆಳಿಗ್ಗೆ ಬಸ್ಸು ನಂಬಬೇಡಿ, ಮೆರವಣಿಗೆಯ ದಾರಿಯಲ್ಲಿ ಅವುಗಳ ಮಾರ್ಗವೇ ಬದಲಾಗಿರುತ್ತದೆ. ಕ್ಯೋಟೋ ನಿಲ್ದಾಣದಿಂದ ಕರಸುಮಾ ಮೆಟ್ರೋದಲ್ಲಿ ಶಿಜೋ ಎರಡೇ ಸ್ಟೇಷನ್. ಎಲ್ಲಿ ನಿಲ್ಲುವುದು ಎಂಬುದೇ ದೊಡ್ಡ ಪ್ರಶ್ನೆ. ಶಿಜೋ-ಫುಯಾಚೋದಲ್ಲಿ ನಿಂತರೆ ನಾಗಿನಾತಾ ಹೋಕೊದ ಮೇಲೆ ಕೂತ ಚಿಗೊ, ಅಂದರೆ ದೇವರ ಪ್ರತಿನಿಧಿಯಾದ ಹುಡುಗ, ಬೀದಿಗೆ ಅಡ್ಡ ಕಟ್ಟಿದ ಹುಲ್ಲಿನ ಹಗ್ಗವನ್ನು ನಿಜವಾದ ಕತ್ತಿಯಿಂದ ಒಂದೇ ಏಟಿಗೆ ಕಡಿಯುವುದು ಕಾಣುತ್ತದೆ. ಅದು ಕ್ಷಣಮಾತ್ರದ ದೃಶ್ಯ, ಆ ಜಾಗಕ್ಕಾಗಿ ನಸುಕಿನಿಂದ ಕಾಯುವವರಿರುತ್ತಾರೆ. ನನ್ನನ್ನು ಕೇಳಿದರೆ ಶಿಜೋ-ಕವರಾಮಾಚಿ ಮೂಲೆಗೆ ಹೋಗಿ. ಮೊದಲ ತೇರು ಅಲ್ಲಿಗೆ ಮುಟ್ಟುವುದು ಸುಮಾರು 9.30ಕ್ಕೆ. ಮೊದಲ ಸಾಲು ಬೇಕೆಂದರೆ 7ಕ್ಕಾದರೂ ಅಲ್ಲಿರಬೇಕು.

ಆ ಮೂಲೆಯಲ್ಲಿ ನಡೆಯುವುದೇ ತ್ಸುಜಿಮಾವಾಶಿ, ಅಂದರೆ ತೇರನ್ನು ಮೂಲೆಯಲ್ಲಿ ತಿರುಗಿಸುವ ಕೆಲಸ. ದೊಡ್ಡ ಹೋಕೊ ತುದಿಯವರೆಗೆ ಅಳೆದರೆ ಸುಮಾರು 25 ಮೀಟರ್ ಎತ್ತರ, ತೂಕ ಹತ್ತು ಟನ್ನಿಗೂ ಹೆಚ್ಚು, ಚಕ್ರಗಳು ಆಳೆತ್ತರದವು. ಅಚ್ಚು ತಿರುಗುವುದಿಲ್ಲ, ಚಕ್ರಕ್ಕೆ ನೇರ ಹೋಗುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಅದನ್ನು 90 ಡಿಗ್ರಿ ತಿರುಗಿಸಬೇಕು. ಸೀಳಿದ ಹಸಿರು ಬಿದಿರಿನ ಪಟ್ಟಿಗಳನ್ನು ಮುಂದಿನ ಚಕ್ರಗಳ ಎದುರು ಚಾಪೆಯಂತೆ ಹಾಸುತ್ತಾರೆ, ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ತೇರನ್ನು ಎಳೆದು ಮುಂಚಕ್ರಗಳನ್ನು ಅದರ ಮೇಲೆ ಹತ್ತಿಸಿ ನಿಲ್ಲಿಸುತ್ತಾರೆ. ಆಮೇಲೆ ಹಗ್ಗವನ್ನು ಪಕ್ಕಕ್ಕೆ ಬದಲಾಯಿಸಿ, ಎಳೆಯುವವರೆಲ್ಲ ತಿರುಗಬೇಕಾದ ದಿಕ್ಕಿಗೆ ಸಾಲಾಗಿ ನಿಲ್ಲುತ್ತಾರೆ. ಸಾಮಾನ್ಯವಾಗಿ ತೇರಿನ ಮುಂದೆ ಬೀಸಣಿಗೆ ಹಿಡಿದು ನಿಲ್ಲುವವರು ಇಬ್ಬರು, ಇಲ್ಲಿ ನಾಲ್ವರು. ‘ಯೊಯಿ ಯೊಯಿ ಯೊಯಿತೋಸೆ’ ಎಂದು ಕೂಗಿ ಬೀಸಣಿಗೆ ಚಾಚಿದ್ದೇ ತಡ, ಹಗ್ಗ ಬಿಗಿಯುತ್ತದೆ, ಬಿದಿರು ಕಿರುಗುಟ್ಟುತ್ತದೆ, ಮುಂಭಾಗ ಒಮ್ಮೆಲೇ ಜಾರಿ ಪಕ್ಕಕ್ಕೆ ಸರಿಯುತ್ತದೆ. ಹಿಂಚಕ್ರಗಳು ಇದ್ದಲ್ಲೇ ಗೂಟದ ಹಾಗೆ ನಿಂತಿರುತ್ತವೆ. ಮೇಲಿನ ಕಂಬ ಆಕಾಶದಲ್ಲಿ ಓಲಾಡುತ್ತದೆ. ಮತ್ತೆ ಬಿದಿರು ಹಾಸು, ಮತ್ತೆ ನೀರು, ಮತ್ತೆ ಎಳೆ. ಮೂರು ಸಲಕ್ಕೆ ತಿರುಗಿದರೆ ಜನ ಚಪ್ಪಾಳೆ ತಟ್ಟುತ್ತಾರೆ.

ತಪ್ಪುವುದೂ ಇಲ್ಲಿಯೇ. ಎಳೆತ ಅಳುಕಿದರೆ ಚಕ್ರ ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ. ನೀರು ಸಾಲದಿದ್ದರೂ ಅದೇ ಕಥೆ. ಜೋರಾಗಿಬಿಟ್ಟರೆ ತೇರು ಬೇಕಾದ್ದಕ್ಕಿಂತ ಹೆಚ್ಚು ತಿರುಗಿ, ಮುಂದಿನ ಹಾದಿಗೆ ಓರೆಯಾಗಿ ನಿಲ್ಲುತ್ತದೆ. ಅದನ್ನು ನೇರ ಮಾಡಲು ಮತ್ತಷ್ಟು ಹೊತ್ತು ಹಿಡಿಯುತ್ತದೆ, ಹಿಂದಿನ ತೇರುಗಳೆಲ್ಲ ಕಾಯುತ್ತವೆ. ಇಷ್ಟು ಎಳೆದಾಡಿದರೂ ತೇರು ಬಿಚ್ಚಿಕೊಳ್ಳದಿರುವುದಕ್ಕೆ ಕಾರಣ ಹುಲ್ಲಿನ ಹಗ್ಗ. 10ನೇ ತಾರೀಖಿನಿಂದ ಶುರುವಾಗುವ ಕಟ್ಟಣೆಯಲ್ಲಿ ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ, ಪ್ರತಿ ಸಂದಿಗೂ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ ಬಿಗಿಯುತ್ತಾರೆ. ಈ ಕಟ್ಟಿಗೆ ನವಗರಮಿ ಎಂದು ಹೆಸರು. ಮೊಳೆ ಹೊಡೆದಿದ್ದರೆ ಮೊದಲ ತಿರುವಿನಲ್ಲೇ ಮರ ಸೀಳುತ್ತಿತ್ತು. ಹಗ್ಗ ಕೊಂಚ ಬಾಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. 16ರ ಸಂಜೆ ತೇರಿನ ಮೈಮೇಲಿನ ಬಟ್ಟೆ ಸರಿಸಿದಾಗ ಸಂದಿನಲ್ಲಿ ಇಣುಕಿ ನೋಡಿ, ಗಂಟುಗಳ ಅಂದವೇ ಬೇರೆ.

ಆ ಬಟ್ಟೆಗಳ ಕಡೆಗೂ ಕಣ್ಣಿರಲಿ. ಕಾಂಕೊ ಹೋಕೊದ ಮುಂಭಾಗಕ್ಕೆ ಸೇರಿದ್ದು 16ನೇ ಶತಮಾನದ ಬೆಲ್ಜಿಯಂ ನೇಯ್ಗೆ, ಬೈಬಲ್ಲಿನ ಆದಿಕಾಂಡದ ಚಿತ್ರ. ಇನ್ನು ಕೆಲವು ತೇರುಗಳಲ್ಲಿ ಭಾರತದ ಗಂಬಳಿಗಳಿವೆ, ಅವುಗಳಲ್ಲಿ ಕೆಲವು ದಖನ್ನಿನಲ್ಲಿ ನೇಯ್ದವು ಎಂದು ತಜ್ಞರು ಗುರುತಿಸಿದ್ದಾರೆ. ಶತಮಾನಗಳ ಹಿಂದೆ ಹಡಗು ಹತ್ತಿ ಹೋದ ನಮ್ಮ ಕಡೆಯ ನೂಲನ್ನು ಕ್ಯೋಟೋದ ವರ್ತಕ ಕೇರಿಗಳು ಜೋಪಾನ ಮಾಡಿವೆ. ಬೀದಿಯಲ್ಲಿ ಈಗ ಬಹಳಷ್ಟು ಕಡೆ ಕಾಣುವುದು ಹೊಸದಾಗಿ ನೇಯ್ದ ಪ್ರತಿಗಳು, ಮೂಲವನ್ನು ಬಿಸಿಲು ಮಳೆಗೆ ತರುವುದಿಲ್ಲ.

ಶಿಜೋ ಗದ್ದಲ ಸಾಕೆನಿಸಿದರೆ 11ರ ನಂತರ ಶಿನ್‌ಮಾಚಿ ಬೀದಿಗೆ ಹೋಗಿ. ತೇರುಗಳು ಮನೆಗೆ ಮರಳುವ ಗಲ್ಲಿ ಅದು. ಎಷ್ಟು ಕಿರಿದೆಂದರೆ ತೇರಿನ ಸೂರಿನ ಮೇಲೆ ಕೂತವರು ವಿದ್ಯುತ್ ಕಂಬ, ಮನೆಗಳ ಚಾವಣಿಗಳನ್ನು ಕಾಲಿನಿಂದ ಒತ್ತಿ ತೇರನ್ನು ಪಾರು ಮಾಡುತ್ತಾರೆ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ, ಮೊಬೈಲ್ ಹಿಡಿದ ಕೈ ಚಾಚಬೇಡಿ. ಇಡೀ ಬೆಳಗಿನಲ್ಲಿ ಕೊಡೆ ಬಿಚ್ಚುವುದು ಹಿಂದಿನವರಿಗೆ ಅನ್ಯಾಯ, ಟೋಪಿ ಮತ್ತು ಒದ್ದೆ ಟವೆಲ್ ಸಾಕು. 35 ಡಿಗ್ರಿ ಸೆಕೆಯಲ್ಲಿ ಬರೀ ನೀರು ಕುಡಿದರೆ ಸಾಲದು, ಉಪ್ಪಿನಂಶವಿರುವ ಪಾನೀಯ ಒಂದು ಬಾಟಲಿಯಾದರೂ ಇರಲಿ. ಕೇರಿಗೆ ಮುಟ್ಟಿದ ತೇರನ್ನು ಕೂಡಲೇ ಬಿಚ್ಚತೊಡಗುತ್ತಾರೆ. ಸೆಳೆದುಕೊಂಡು ಬಂದ ಕೆಡುಕು ಅಲ್ಲೇ ಕೂರಬಾರದಲ್ಲ.

ಸಂಜೆ 6ಕ್ಕೆ ಯಾಸಾಕಾದ ಪಶ್ಚಿಮ ದ್ವಾರದ ಮೆಟ್ಟಿಲ ಕೆಳಗೆ ನಿಲ್ಲಿ. ಮೂರು ಮಿಕೋಶಿಗಳು, ಅಂದರೆ ದೇವರನ್ನು ಹೊತ್ತೊಯ್ಯುವ ಪಲ್ಲಕ್ಕಿಗಳು, ಬರುತ್ತವೆ. ಸೂರಿನ ಆಕಾರ ನೋಡಿ ಗುರುತಿಸಬಹುದು: ಆರು ಮೂಲೆಯದ್ದು ಸುಸಾನೊಓನದು, ನಾಲ್ಕು ಮೂಲೆಯದ್ದು ಅವನ ಹೆಂಡತಿಯದು, ಎಂಟು ಮೂಲೆಯದ್ದು ಎಂಟು ಮಕ್ಕಳದು. ಬೆಳಗಿನ ತೇರಿನ ಗಾಂಭೀರ್ಯ ಇಲ್ಲಿಲ್ಲ. ಬಿಳಿ ಅಂಗಿಯ ನೂರಾರು ಗಂಡಸರು ‘ಹೊಯಿತ್ತೊ, ಹೊಯಿತ್ತೊ’ ಎಂದು ಅರಚುತ್ತ, ಲೋಹದ ಬಳೆಗಳು ಗಲಗಲಿಸುವಂತೆ ಅದನ್ನು ಕುಲುಕುತ್ತ, ತೋಳು ಚಾಚಿ ತಲೆಯ ಮೇಲೆತ್ತಿ ತಿರುಗಿಸುತ್ತಾರೆ. ಹೊರುವವರು ಪಾಳಿ ಬದಲಿಸುವಾಗ ದಾರಿಗೆ ಅಡ್ಡ ನಿಲ್ಲಬೇಡಿ, ಎರಡು ಟನ್ನಿನಷ್ಟು ಭಾರ ನಿಮ್ಮನ್ನು ನೋಡಿ ನಿಲ್ಲುವುದಿಲ್ಲ. ಅವರಲ್ಲಿ ಅನೇಕರು ಈ ತಿಂಗಳು ಸೌತೆಕಾಯಿ ಮುಟ್ಟುವುದಿಲ್ಲ, ಅಡ್ಡಡ್ಡ ಹೆಚ್ಚಿದ ಬಿಲ್ಲೆ ದೇಗುಲದ ಲಾಂಛನದಂತೆ ಕಾಣುತ್ತದೆಂದು.

ಮೂರೂ ಬೇರೆ ಬೇರೆ ದಾರಿಯಲ್ಲಿ ಊರು ಸುತ್ತಿ, ರಾತ್ರಿ 9 ದಾಟಿದ ಮೇಲೆ ಶಿಜೋ-ತೆರಾಮಾಚಿಯ ಒತಾಬಿಶೊ ಎಂಬ ತಂಗುಮನೆ ಸೇರುತ್ತವೆ. 24ರವರೆಗೆ ದೇವರ ವಾಸ ಅಲ್ಲೇ, ಅಂಗಡಿ ಸಾಲಿನ ನಡುವೆ. ಈ ಏಳು ರಾತ್ರಿ ಯಾರೊಡನೆಯೂ ಒಂದು ಮಾತೂ ಆಡದೆ ಬಂದು ಕೈಮುಗಿದರೆ ಹರಕೆ ಈಡೇರುತ್ತದೆಂಬ ನಂಬಿಕೆ ಗಿಯೋನ್ ಕೇರಿಯ ಗೇಕೊಗಳಲ್ಲಿ, ಅಂದರೆ ಹಾಡು ಕುಣಿತದ ಕಲಾವಿದೆಯರಲ್ಲಿ, ಇದೆ. ಶಿಜೋ ಸೇತುವೆ ದಾಟಿ ಒಬ್ಬಳೇ ತಲೆ ತಗ್ಗಿಸಿ ನಡೆದು ಬರುವ ಹೆಣ್ಣು ಕಂಡರೆ ದಾರಿ ಬಿಡಿ, ಮಾತಾಡಿಸಬೇಡಿ, ಕ್ಯಾಮೆರಾ ಎತ್ತಬೇಡಿ.