'ಬರೀ ಡಬಲ್ಸ್' ಅನ್ನೋರಿಗೆ ಒಂದು ಮಾತು

ಟೆನಿಸ್ ಆಟಗಾರ ರೋಹನ್ ಬೋಪಣ್ಣ ಆಟ ನಿಲ್ಲಿಸಿದ ಸುದ್ದಿ ಬಂದದ್ದು 2025ರ ನವೆಂಬರ್ 1ರಂದು. ಪುಣೆಯಲ್ಲಿರುವ ಕನ್ನಡದವರೆಲ್ಲ ವಾಟ್ಸಾಪ್‌ನಲ್ಲಿ ರಾಜ್ಯೋತ್ಸವದ ಶುಭಾಶಯ ಕಳಿಸ್ತಾ ಇದ್ದ ದಿನ. ನಮ್ಮ ಗ್ರೂಪಿನಲ್ಲಿ ಯಾರೋ ಸುದ್ದಿ ಹಾಕಿದರು. ಅದರ ಕೆಳಗೇ ಇನ್ನೊಬ್ಬರು ಬರೆದರು: "ಒಳ್ಳೇ ಆಟಗಾರ. ಆದ್ರೆ ಬರೀ ಡಬಲ್ಸ್ ಅಲ್ವಾ?" ಹಬ್ಬದ ದಿನ ವಾದ ಬೇಡ ಅಂತ ಅಲ್ಲಿ ಸುಮ್ಮನಿದ್ದೆ. ಹೇಳಬೇಕಾದ್ದನ್ನು ಇಲ್ಲಿ ಹೇಳ್ತೀನಿ.

ನನ್ನ ಊರು ಗೋಕಾಕ. ಪುಣೆಯ ಡೆಕ್ಕನ್ ಕಡೆಯ ಒಂದು ಗಲ್ಲಿಯಲ್ಲಿ ರಾಕೆಟ್ಟಿಗೆ ಗಟ್ಟಿಂಗ್ ಮಾಡುವ, ಅಂದರೆ ಎಳೆ ಹೆಣೆಯುವ ಅಂಗಡಿ ಇಟ್ಟಿದ್ದೇನೆ. ಇದರಲ್ಲೇ ಕೂದಲು ಬೆಳ್ಳಗಾಗಿದೆ. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೋಚ್‌ಗಳು, ಬೆಳಿಗ್ಗೆ ಕ್ಲಬ್ಬಿನಲ್ಲಿ ಆಡುವ ಹಿರಿಯರು, ಎಲ್ಲರೂ ಬರ್ತಾರೆ. ಒಂದು ರಾಕೆಟ್ಟಿಗೆ ಹತ್ತಿರ ಹತ್ತಿರ ಹನ್ನೆರಡು ಮೀಟರ್ ಗಟ್ ಬೇಕು. ಮೊದಲು ಉದ್ದದ ಎಳೆಗಳನ್ನು ಮಧ್ಯದಿಂದ ಶುರು ಮಾಡಿ ಎರಡೂ ಕಡೆ ಸಮವಾಗಿ ಎಳೀತೇನೆ. ಆಮೇಲೆ ಅಡ್ಡ ಎಳೆಗಳನ್ನು ಒಂದರ ಮೇಲೆ, ಒಂದರ ಕೆಳಗೆ ನೇಯುತ್ತಾ ಹೋಗಬೇಕು. ಒಂದು ಎಳೆ ತಪ್ಪಿದರೂ ಅಲ್ಲಿಗೇ ವಾಪಸ್ ಬಿಚ್ಚಬೇಕು.

ಗಟ್ ನೋಡಿದರೆ ಆಟ ಗೊತ್ತಾಗುತ್ತೆ. ಹಿಂದೆ ನಿಂತು ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಸುತ್ತುವ ಹಾಗೆ, ಹೊಡೆಯುವ ಸಿಂಗಲ್ಸ್ ಹುಡುಗರ ಗಟ್‌ನಲ್ಲಿ ಎಳೆಗಳು ಉಜ್ಜಿ ಉಜ್ಜಿ ನಡುವೆ ಕಚ್ಚು ಬೀಳುತ್ತೆ. ಕೊನೆಗೆ ಅಲ್ಲೇ ಹರಿಯುತ್ತೆ. ಡಬಲ್ಸ್ ಆಡುವವರ ರಾಕೆಟ್ ಬೇರೆ. ಅವರಲ್ಲಿ ಜಾಸ್ತಿ ಜನ ಮೆದು ಗಟ್ ಕೇಳ್ತಾರೆ. ನೆಟ್ ಹತ್ತಿರ ಬಂದ ಚೆಂಡಿನ ವೇಗ ಕೈಯಲ್ಲೇ ತೂಗಬೇಕಲ್ಲ. ಅವರ ಗಟ್ ಹರಿಯುವುದು ಅಪರೂಪ, ಸಡಿಲ ಬೀಳುತ್ತೆ. "ಕಾಕಾ, ಬಿಗಿ ಒಂದು ಪೌಂಡ್ ಕಡಿಮೆ ಮಾಡಿ ಕೊಡಿ" ಅಂತ ಮತ್ತೆ ಬರುವವರೂ ಅವರೇ. ಅದು ಅಷ್ಟು ಸೂಕ್ಷ್ಮದ ಕೆಲಸ.

ಬೋಪಣ್ಣನವರಿಗೂ ಪುಣೆಗೂ ಹಳೇ ನಂಟು. ಮಚ್ಚಂಡ ಮನೆತನದ ಕೊಡಗಿನ ಹುಡುಗ, ಅಪ್ಪ ಕಾಫಿ ಬೆಳೆಗಾರರು. ಹದಿಹರೆಯದಲ್ಲಿ ಆಟ ಕಲಿಯಲು ಇಲ್ಲಿಗೆ, ಕೋಚ್ ನಂದನ್ ಬಾಳ್ ಅವರ ಹತ್ತಿರ ಬಂದರು. ಸಿಂಗಲ್ಸ್ ಆಡಲಿಲ್ಲ ಅನ್ನುವುದೂ ಸುಳ್ಳು. 2007ರಲ್ಲಿ 213ನೇ ರ‍್ಯಾಂಕ್‌ವರೆಗೆ ಹೋಗಿದ್ದರು. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ಜೊತೆ ಡೇವಿಸ್ ಕಪ್, ಅಂದರೆ ದೇಶ ದೇಶಗಳ ನಡುವಿನ ಟೆನಿಸ್. ಭಾರತ 0-2ರಿಂದ ಹಿಂದಿತ್ತು. ಎರಡು ಪಂದ್ಯ ಗೆದ್ದು ಸಮ ಆದ ಮೇಲೆ, ಐದನೇ ಪಂದ್ಯ ಬೋಪಣ್ಣನವರ ಪಾಲಿಗೆ ಬಂತು. ರಿಕಾರ್ಡೊ ಮೆಲ್ಲೊ ಎದುರು. ಗೆದ್ದು ದೇಶವನ್ನು ದಾಟಿಸಿದರು. ಅದು ಸಿಂಗಲ್ಸ್ ಪಂದ್ಯ.

ಅದೇ ವರ್ಷ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್. ಅಮೆರಿಕದ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ, ಅಂದರೆ 6-6 ಆದ ಮೇಲೆ ಆಡುವ ನಿರ್ಣಾಯಕ ಗೇಮ್‌ನಲ್ಲಿ, ಹೋಯಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯ ಸೋತರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸೋಲು ಅದೇ. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಬಂತು. ಪುರುಷರ ಡಬಲ್ಸ್‌ನಲ್ಲಿ ಮಾತ್ರ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಟೆನಿಸ್ಸಿನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು, ಆಗ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಅವರ ಡಬಲ್ಸನ್ನು ನಾನು ಹತ್ತಿರದಿಂದ ನೋಡಿದ್ದು 2019ರ ಜನವರಿಯಲ್ಲಿ, ಪುಣೆಯ ಬಾಲೆವಾಡಿಯ ಟಾಟಾ ಓಪನ್ ಫೈನಲ್‌ನಲ್ಲಿ. ಜೊತೆಗಾರ ದಿವಿಜ್ ಶರಣ್, ಎಡಗೈ ಆಟಗಾರ. ಎದುರಿಗೆ ಬ್ಯಾಂಬ್ರಿಜ್ ಮತ್ತು ಒಮಾರಾ. ಬೋಪಣ್ಣ ಸರ್ವ್ ಮಾಡುವ ಮುಂಚೆ ಇಬ್ಬರೂ ಪಿಸುಮಾತಾಡ್ತಿದ್ದರು. ಆಮೇಲೆ ಬೋಪಣ್ಣ ಚೆಂಡನ್ನು ನಿಧಾನ ಪುಟಿಸಿ, ಮೇಲೆ ಎಸೆದು ಹೊಡೆಯುವುದು. ಆ ಸರ್ವ್ ಬಿದ್ದ ಸದ್ದಿನಲ್ಲೇ ತೂಕ ಗೊತ್ತಾಗುತ್ತಿತ್ತು. ಎದುರಿನವ ಹೇಗೋ ರಾಕೆಟ್ ತಾಗಿಸಿ ಚೆಂಡು ವಾಪಸ್ ಕಳಿಸುವಷ್ಟರಲ್ಲಿ ನೆಟ್ ಬಳಿ ಇರುವ ದಿವಿಜ್ ಎರಡು ಹೆಜ್ಜೆ ಅಡ್ಡ ದಾಟಿ ಆಗಿರುತ್ತಿತ್ತು. ಪಾಯಿಂಟ್ ಮುಗೀತು. ನನ್ನ ಪಕ್ಕದಲ್ಲಿದ್ದವರು "ಅರೇ, ಏನಾಯ್ತು?" ಅಂತ ಫೋನಿನಿಂದ ತಲೆ ಎತ್ತಿದರು. 6-3, 6-4ರಲ್ಲಿ ಗೆದ್ದರು. 2022ರಲ್ಲಿ ಅದೇ ಟೂರ್ನಿಯನ್ನು ರಾಮಕುಮಾರ್ ರಾಮನಾಥನ್ ಜೊತೆ ಮತ್ತೆ ಗೆದ್ದರು.

ಡಬಲ್ಸ್ ಸುಲಭ ಅನ್ನುವವರು ಲೆಕ್ಕ ನೋಡಬೇಕು. ಪುರುಷರ ವೃತ್ತಿಪರ ಟೆನಿಸ್ ಸರಣಿಯಾದ ಎಟಿಪಿ ಟೂರ್‌ನ ಡಬಲ್ಸ್‌ನಲ್ಲಿ 40-40 ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಹೋಗುತ್ತೆ. ಮೂರನೇ ಸೆಟ್ ಇಲ್ಲ, ಹತ್ತು ಪಾಯಿಂಟಿನ ಟೈಬ್ರೇಕ್. ಸಿಂಗಲ್ಸ್‌ನಲ್ಲಿ ಒಂದು ಕೆಟ್ಟ ಗೇಮ್ ಆದರೆ ಸುಧಾರಿಸಿಕೊಳ್ಳಲು ಟೈಮ್ ಇರುತ್ತೆ. ಇಲ್ಲಿ ಎರಡು ತಪ್ಪು ರಿಟರ್ನ್ ಹೋದರೆ ಪೆಟ್ಟಿಗೆ ಕಟ್ಟಿಕೊಂಡು ಮುಂದಿನ ಊರಿಗೆ ಹೊರಡಬೇಕು. ಬಹುಮಾನದ ಹಣವೂ ಸಿಂಗಲ್ಸಿಗಿಂತ ಕಡಿಮೆ, ಅದನ್ನು ಇಬ್ಬರು ಹಂಚಿಕೊಳ್ಳಬೇಕು. ಇದರ ಮೇಲೆ ಜೊತೆಗಾರ. ಅವನಿಗೆ ಗಾಯ ಆದರೆ ನಿಮ್ಮ ವರ್ಷವೂ ಕೆಡುತ್ತೆ. ಅವನಿಗೆ ಬೇರೆಯವರು ಒಳ್ಳೆಯವರು ಸಿಕ್ಕರೆ ನೀವು ಮತ್ತೆ ಹುಡುಕಬೇಕು.

ಬೋಪಣ್ಣನವರ ಮೊಣಕಾಲಿನಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಇಂಜೆಕ್ಷನ್ ಎಲ್ಲ ಆಗಿ, ಕೊನೆಗೆ ಕೈಹಿಡಿದದ್ದು ಅಯ್ಯಂಗಾರ್ ಯೋಗ ಅಂತ ಅವರೇ ಹೇಳಿದ್ದಾರೆ. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ಕೋಲಾರ ಕಡೆಯ ಬೆಳ್ಳೂರಿನಲ್ಲಿ. 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದವರು ಇಲ್ಲೇ ನೆಲೆಯಾದರು. ಹಗ್ಗ, ಬೆಲ್ಟ್, ಮರದ ತುಂಡು ಇಟ್ಟುಕೊಂಡು, ಬಗ್ಗದ ದೇಹವನ್ನೂ ಬಗ್ಗಿಸುವ ದಾರಿ ಕಂಡುಕೊಂಡರು. ಇದನ್ನು ಓದಿದಾಗ ಪುಣೆಯ ಕನ್ನಡಿಗನಾಗಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಸಾಕು ಮಾಡ್ತೀನಿ ಅಂತ ಹೆಂಡತಿಗೆ ವೀಡಿಯೊ ಕಳಿಸಿದ್ದ ಕಾಲವೂ ಇತ್ತು. ಸಾಕು ಮಾಡಲಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಹಾರಾಷ್ಟ್ರದ ಋತುಜಾ ಭೋಸಲೆ ಜೊತೆ ಮಿಕ್ಸೆಡ್ ಚಿನ್ನ. 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್, 7-6, 7-5. ಪುರುಷರ ಡಬಲ್ಸ್‌ನಲ್ಲಿ ಅದು ಅವರು ಆಡಿದ 61ನೇ ಗ್ರ್ಯಾಂಡ್ ಸ್ಲ್ಯಾಮ್, ಎಬ್ಡನ್ 19ನೇ ಜೊತೆಗಾರ. ವಯಸ್ಸು 43. ಜನವರಿ 29ಕ್ಕೆ ಡಬಲ್ಸ್‌ನಲ್ಲಿ ಜಗತ್ತಿಗೇ ಒಂದನೇ ನಂಬರ್. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಜಾಗಕ್ಕೆ ಏರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಇನ್ನೂ ಎರಡು ತಿಂಗಳಿಗೆ, 44 ತುಂಬಿದ ಮೇಲೆ, ಮಯಾಮಿ ಓಪನ್ ಡಬಲ್ಸ್ ಗೆದ್ದರು.

ಇಷ್ಟನ್ನೂ ಬರೆಯೋಕೆ ಇನ್ನೊಂದು ಕಾರಣ ಇದೆ. ನನ್ನ ಅಂಗಡಿಗೆ ಒಂದು ಹುಡುಗಿ ಬರ್ತಾಳೆ. ನೆಟ್ ಹತ್ತಿರ ಅವಳ ಕೈ ನೋಡಬೇಕು, ಚೆಂಡು ನೆಲಕ್ಕೆ ಬೀಳೋ ಮೊದಲೇ, ಹಿಡಿದು ಇಟ್ಟ ಹಾಗೆ ವಾಲಿ ಮಾಡ್ತಾಳೆ. ಡಬಲ್ಸ್ ಅಂದ್ರೆ ಜೀವ. ಅವಳಪ್ಪ ಮಾತ್ರ ನನ್ನ ಮುಂದೆಯೇ "ಅದು ಟೈಂಪಾಸ್, ಸಿಂಗಲ್ಸ್ ಮೇಲೆ ಗಮನ ಕೊಡು" ಅಂದರು. ಅವರು ಕೆಟ್ಟವರಲ್ಲ, ಮಗಳಿಗೋಸ್ಕರ ಬಹಳ ಖರ್ಚು ಮಾಡ್ತಾರೆ. ಅವರನ್ನು ಕೂರಿಸಿ, ಚಹಾ ತರಿಸಿ, ಮೇಲಿನದ್ದೆಲ್ಲ ಮರಾಠಿಯಲ್ಲಿ ಹೇಳಿದೆ. ಸಿಂಗಲ್ಸ್ ಬಿಡಿಸಿ ಅಂತ ಹೇಳಲಿಲ್ಲ, ಈ ವಯಸ್ಸಿನಲ್ಲಿ ಎರಡೂ ಬೇಕು. ಅವಳ ಡಬಲ್ಸ್ ಪಂದ್ಯಕ್ಕೂ ಹೋಗಿ ಕೂರಿ ಅಂದೆ ಅಷ್ಟೇ.

ನಿಮಗೂ ಅದನ್ನೇ ಹೇಳ್ತೀನಿ. ಬಾಲೆವಾಡಿಯಲ್ಲಿ ಟೂರ್ನಿ ಇದ್ದಾಗ ಡಬಲ್ಸ್ ಇರುವ ದಿನ ಹೋಗಿ. ಕೋರ್ಟಿನ ಅಕ್ಕಪಕ್ಕದ ಸೀಟಲ್ಲಿ ಕೂರಬೇಡಿ, ಸರ್ವ್ ಮಾಡುವವನ ಹಿಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ. ಚೆಂಡನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ನೆಟ್ ಹತ್ತಿರ ಬಗ್ಗಿ ನಿಂತವನು ಬೆನ್ನ ಹಿಂದೆ ಬೆರಳಲ್ಲಿ ಮಾಡುವ ಸನ್ನೆ ನೋಡಿ, ಆಮೇಲೆ ಅವನ ಕಾಲು ಯಾವ ಕಡೆ ಹೋಗುತ್ತೆ ನೋಡಿ.