ಗಾಜಿನಲ್ಲಿ ಕಂಡ ಬಾಗಿಲು

ಕಳೆದ ವರ್ಷ ಶ್ರಾವಣ ಮಾಸದಲ್ಲಿ, ಕಲಬುರಗಿಯ ಬ್ರಹ್ಮಪುರದ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ, ನಾನು ತೆಗೆದ ಭಾವಚಿತ್ರದ ಮೇಲಿನ ಬಟ್ಟೆಯನ್ನು ಬಂಧುಗಳೆಲ್ಲರ ಎದುರಿಗೆ ಸರಿಸಿದರು. ಆ ಬಳಿಕದ ನಾಲ್ಕೈದು ನಿಮಿಷಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಸ್ಟುಡಿಯೋ ಕೆಲಸಕ್ಕೆ ಸೇರಿ 14 ವರ್ಷಗಳಾದವು. ಮದುವೆ, ಕುಬಸ, ಜಾವಳ, ಪಾಸ್‌ಪೋರ್ಟ್ ಸೈಜು, ಎಲ್ಲವನ್ನೂ ಮಾಡಿದ್ದೇನೆ. ಮದುವೆಯ ಗದ್ದಲದಲ್ಲಿ ತಪ್ಪಿದರೆ ಇನ್ನೊಂದು ಫ್ರೇಮ್ ಇರುತ್ತದೆ. ಒಬ್ಬ ವ್ಯಕ್ತಿಯ ಒಂದೇ ಚಿತ್ರದಲ್ಲಿ ತಪ್ಪಿದರೆ ಆ ತಪ್ಪು ಗೋಡೆಯ ಮೇಲೆ ಕುಳಿತುಕೊಳ್ಳುತ್ತದೆ.

ಚಿತ್ರ ಮಾಡಿಸಿದವರು ತೊಗರಿಬೇಳೆಯ ಮಿಲ್ ನಡೆಸುವ ಕುಟುಂಬದವರು. ತಂದೆಗೆ 75 ತುಂಬುವ ದಿನ ಮನೆಯಲ್ಲಿ ಕಾರ್ಯಕ್ರಮವಿತ್ತು, ಅದಕ್ಕೆ 20×30 ಅಂಗುಲದ ಚಿತ್ರ ಬೇಕೆಂದು ಹಿರಿಯ ಮಗ ಬಂದು ಮುಂಗಡ ಕೊಟ್ಟು ಹೋದರು. ಮರುದಿನ ಅಜ್ಜ ತಾವೇ ಆಟೋದಲ್ಲಿ ಸ್ಟುಡಿಯೋಕ್ಕೆ ಬಂದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಆ ದಿನಕ್ಕೆಂದೇ ಸುತ್ತಿಸಿಕೊಂಡ ಗುಲಾಬಿ ಬಣ್ಣದ ರುಮಾಲು, ಕೈಯಲ್ಲಿ ಕೋಲು. ಅವರ ಮುಖವನ್ನು ನೋಡಿದ ಕೂಡಲೇ ನನ್ನೊಳಗೆ ಚಿತ್ರ ಸಿದ್ಧವಾಗಿಬಿಟ್ಟಿತು. ಈಗ ಯೋಚಿಸಿದರೆ ಮೊದಲ ತಪ್ಪು ಅಲ್ಲಿಯೇ ಆಯಿತು, ಏಕೆಂದರೆ ಅವರು ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಅವರ ಚಿತ್ರ ಹೇಗಿರಬೇಕೆಂಬುದನ್ನು ನಾನು ತೀರ್ಮಾನಿಸಿದ್ದೆ.

ಭಾವಚಿತ್ರಗಳಿಗೆ ಹೆಸರಾದ ಛಾಯಾಗ್ರಾಹಕ ಯೂಸುಫ್ ಕಾರ್ಶ್ 1941ರ ಡಿಸೆಂಬರಿನಲ್ಲಿ ಕೆನಡಾದ ಸಂಸತ್ ಭವನದಲ್ಲಿ ಚರ್ಚಿಲ್ ಬಾಯಿಂದ ಸಿಗಾರ್ ತೆಗೆದುಕೊಂಡ ಮರುಕ್ಷಣವೇ ತೆಗೆದ ಆ ಕಪ್ಪು ಬಿಳುಪಿನ ಚಿತ್ರವನ್ನು ನಾನು ಕೆಲಸ ಕಲಿಯುವ ದಿನಗಳಿಂದ ನೋಡುತ್ತ ಬಂದಿದ್ದೇನೆ. ಕಾರ್ಶ್ ಮುಖಕ್ಕೊಂದು, ಕೈಗಳಿಗೊಂದು ಬೆಳಕನ್ನು ಬೇರೆಬೇರೆಯಾಗಿ ಇಡುತ್ತಿದ್ದ ರೀತಿಯನ್ನು ಒಮ್ಮೆಯಾದರೂ ಮಾಡಿ ನೋಡಬೇಕೆಂಬ ಆಸೆ ನನಗಿತ್ತು. ನಮ್ಮ ಸ್ಟುಡಿಯೋದಲ್ಲಿ ಅಂಥ ಅವಕಾಶ ಬರುವುದು ಅಪರೂಪ. ಆದ್ದರಿಂದ ಹಿಂದೆ ಕಪ್ಪು ಪರದೆ ಬಿಟ್ಟೆ, ಎಡಗಡೆ ಎತ್ತರದಲ್ಲಿ ಒಂದೇ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುವಾಗಿ ಹರಡುವ ಬಟ್ಟೆಯ ಪೆಟ್ಟಿಗೆಯ ದೀಪ) ಇಟ್ಟೆ, ಬಲಗಡೆಗೆ ಥರ್ಮಾಕೋಲಿನ ಕಪ್ಪು ಮಗ್ಗುಲನ್ನು ತಿರುಗಿಸಿ ಉಳಿದ ಬೆಳಕನ್ನೂ ನುಂಗಿಸಿದೆ. 85 ಎಂಎಂ ಲೆನ್ಸ್ ಹಾಕಿ ಎದೆಯವರೆಗೆ ಮಾತ್ರ ಕಟ್ಟಿದೆ. ಎಡಗೆನ್ನೆಯ ಸುಕ್ಕುಗಳು ಉತ್ತ ಹೊಲದ ಸಾಲುಗಳ ಹಾಗೆ ಎದ್ದು ಬಂದವು, ಕೋಲಿನ ಮೇಲಿನ ಕೈ ಬೆಳಗಿತು, ಬಲಗಡೆಯ ಅರ್ಧ ಮುಖ ನೆರಳಿನೊಳಗೆ ಹೋಯಿತು.

ಅಜ್ಜ ಎರಡು ಮಾತು ಕೇಳಿದ್ದರು. ಒಂದು, "ತಮ್ಮಾ, ಲಿಂಗದ ಕರಡಿಗಿ ಬರ್ತದಲ್ಲಾ?" ನಾನು ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ, "ಬರ್ತದ್ರಿ ಅಜ್ಜಾರ" ಎಂದೆ. ಕರಡಿಗೆ ಫ್ರೇಮಿನೊಳಗೆ ಇತ್ತು, ಆದರೆ ನೆರಳಿನ ಕಡೆಗೆ ಇತ್ತು. ಎರಡನೆಯದು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎರಡೂ ಪಾದ ಕಾಣುವ ಹಾಗೆ ಒಂದು ಚಿತ್ರ ತೆಗೆಯಬೇಕು ಎಂದು. ಅವರ ಸಮಾಧಾನಕ್ಕೆ ಬೆಳಕನ್ನೂ ಸರಿಮಾಡದೆ ಅಂಥ ಎರಡು ಫ್ರೇಮ್ ತೆಗೆದೆ. ಆ ಸಂಜೆ ಸೆಲೆಕ್ಷನ್ ಮಾಡುವಾಗ ಆ ಎರಡನ್ನೂ ಬಿಟ್ಟೆ. ನಮ್ಮಲ್ಲಿ ಹಾರ್ಡ್ ಡಿಸ್ಕ್ ಉಳಿಸುವುದಕ್ಕೆಂದು ಸೆಲೆಕ್ಷನ್ ಆದವುಗಳನ್ನಷ್ಟೇ ಕಾಪಿ ಮಾಡಿ, ಅದೇ ದಿನ ಕಾರ್ಡ್ ಫಾರ್ಮ್ಯಾಟ್ ಮಾಡುವ ನಿಯಮವಿದೆ. ಈ ನಿಯಮವನ್ನು ಬದಲಿಸಿ ಎಂದು ಮಾಲೀಕರಿಗೆ ಎಷ್ಟು ಸಲ ಹೇಳಿದರೂ, ಒಂದು ಡಿಸ್ಕಿನ ಬೆಲೆಯ ಲೆಕ್ಕವನ್ನೇ ಮುಂದಿಡುತ್ತಾರೆ. ಕಳೆದುಹೋದ ಫೈಲಿನ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಪ್ರೂಫ್ ತೋರಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ತೋರಿಸಿದ್ದೆ, ಆದರೆ ವಾಟ್ಸಾಪ್‌ನಲ್ಲಿ, ಅದೂ ಹಣ ಕೊಟ್ಟ ಮಗನಿಗೆ. ಅವರು ಮಾರುಕಟ್ಟೆಯ ಗಡಿಬಿಡಿಯಲ್ಲಿ ಹೆಬ್ಬೆರಳಿನ ಗುರುತು ಕಳಿಸಿದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ವಾಟ್ಸಾಪ್ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ ಎಂಬುದು ಒಂದು ಮಾತಾಯಿತು. ಅದಕ್ಕಿಂತ ದೊಡ್ಡದು, ಮೊಬೈಲ್ ಪರದೆ ತಾನೇ ಬೆಳಗುವ ವಸ್ತು, ಅದರ ಮೇಲೆ ನೆರಳಿನೊಳಗಿನ ವಿವರವೂ ಅಷ್ಟಿಷ್ಟು ಕಾಣುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಬೆಳಕು ಎಷ್ಟೋ ಅದರ ಬೆಳಕೂ ಅಷ್ಟೇ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಪ್ರಿಂಟನ್ನು ಅಜ್ಜನ ಕೈಗೆ ಒಮ್ಮೆ ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಚಿತ್ರದಲ್ಲಿ ಇರುವವರನ್ನು ಬಿಟ್ಟು ಉಳಿದವರೆಲ್ಲರ ಅಭಿಪ್ರಾಯ ಪಡೆದಿದ್ದೆ.

ಫ್ರೇಮ್ ಕೆಲಸ ತಡವಾದ್ದರಿಂದ ಕಾರ್ಯಕ್ರಮಕ್ಕೆ ಒಂದು ಗಂಟೆ ಇರುವಾಗ ಚಿತ್ರವನ್ನು ನಾನೇ ಒಯ್ದೆ. ಸ್ವಾಮಿಗಳ ಆಶೀರ್ವಚನ ಮುಗಿಯಿತು. ಪಡಸಾಲೆಯ ಒಳಗೋಡೆಗೆ, ಬಾಗಿಲಿಗೆ ನೇರ ಎದುರಾಗಿ, ಬಟ್ಟೆ ಮುಚ್ಚಿದ ಚಿತ್ರವನ್ನು ಮೊದಲೇ ತೂಗುಹಾಕಿದ್ದರು. ಮೊಮ್ಮಕ್ಕಳು ಬಟ್ಟೆ ಎಳೆದರು. ಚಪ್ಪಾಳೆ ಬಿದ್ದು ತಟ್ಟನೆ ನಿಂತಿತು. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ, ಅಲ್ಲಿಂದ ನನಗೂ ಅಜ್ಜ ಕಾಣಲಿಲ್ಲ. ಚಿತ್ರದೊಳಗೆ ನಮ್ಮ ಬೆನ್ನ ಹಿಂದಿನ ಬಾಗಿಲು ಕಂಡಿತು. ಬಾಗಿಲಲ್ಲಿ ನಿಂತವರು, ಹೊರಗಿನ ಬಿಸಿಲು, ಒಬ್ಬರ ಬಿಳಿ ಧೋತರ ಕಂಡವು. ಕಪ್ಪಿನ ಮೇಲೆ ಗಾಜು ಕನ್ನಡಿಯಾಗಿತ್ತು. ಸಾದಾ ಗಾಜಿನ ಎರಡೂ ಮೈ ಸೇರಿ, ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 8ರಷ್ಟನ್ನು ಹಿಂದಕ್ಕೆ ಕಳಿಸುತ್ತವೆ. ಚಿತ್ರ ಬೆಳ್ಳಗಿದ್ದರೆ ಆ ಶೇಕಡಾ 8 ಗಮನಕ್ಕೆ ಬರುವುದಿಲ್ಲ. ನಾನು ಮಾಡಿದ ಕಪ್ಪಿನಿಂದ ಅಷ್ಟೂ ಬೆಳಕು ಬರುತ್ತಿರಲಿಲ್ಲ.

ಅಜ್ಜನ ಹೆಂಡತಿ ಎದ್ದು ಹತ್ತಿರ ಹೋದರು. ಗಾಜಿನ ಮೇಲೆ ಅಂಗೈಯನ್ನು ಅಡ್ಡ ಹಿಡಿದು ನೆರಳು ಮಾಡಿಕೊಂಡು ನೋಡಿದರು. "ಇವರದು ಈ ಕಡಿ ಮಾರಿ ಎಲ್ಲಿ ಹೋತು?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಶುಭಕಾರ್ಯದ ದಿನ ಮನೆಯ ಹಿರಿಯನ ಅರ್ಧ ಮುಖ ಕತ್ತಲಾಗಿರುವುದು ಆ ತಾಯಿಗೆ ಏನೆನ್ನಿಸಿರಬಹುದು ಎಂಬುದನ್ನು ಅವರ ಧ್ವನಿಯೇ ಹೇಳಿತು. ಮಗ ನನ್ನ ಕಡೆ ತಿರುಗಿ, "ಏನ್ರಿ ಇದು, ಲೈಟ್ ಹಾಕಿದ್ದಿಲ್ಲೇನು?" ಎಂದರು. ಬೆಳಕಿನ ಬಗ್ಗೆ ವಿವರಿಸಲು ಬಾಯಿ ತೆರೆದೆ, ಎರಡು ವಾಕ್ಯ ಹೇಳಿಯೂ ಹೇಳಿದೆ. ಇದು ಒಂದು ಶೈಲಿ, ರೆಂಬ್ರಾಂಟ್ ಎಂಬ ಡಚ್ ಚಿತ್ರಕಾರನ ಹೆಸರಿನಿಂದ ಕರೆಯುವ ಬೆಳಕು ಹೀಗೆಯೇ ಒಂದು ಕಡೆಯಿಂದ ಬರುತ್ತದೆ ಎಂದೆ. ಆ ಎರಡು ವಾಕ್ಯಗಳ ಬಗ್ಗೆ ನನಗೆ ಚಿತ್ರಕ್ಕಿಂತ ಹೆಚ್ಚು ನಾಚಿಕೆಯಿದೆ. ಅದು ತಾಂತ್ರಿಕವಾಗಿಯೂ ನಿಜವಾಗಿರಲಿಲ್ಲ: ಆ ಬೆಳಕಿನಲ್ಲಿ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ತ್ರಿಕೋನದಷ್ಟು ಬೆಳಕು ಉಳಿಯಬೇಕು. ನಾನು ಅದನ್ನೂ ಅಳಿಸಿಹಾಕಿದ್ದೆ.

ಅಜ್ಜ ಸಿಟ್ಟಾಗಲಿಲ್ಲ. ನನ್ನನ್ನು ಹತ್ತಿರ ಕರೆದು, ಎಡಗಡೆಯ ಗೋಡೆಗಿದ್ದ ಇನ್ನೊಂದು ಚಿತ್ರವನ್ನು ತೋರಿಸಿದರು. ಅದು ಅವರ ತಂದೆಯದು. ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಅಂದರೆ 1948ಕ್ಕಿಂತ ಮೊದಲು, ಹೈದರಾಬಾದಿಗೆ ಹೋದಾಗ ಅಲ್ಲಿಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಕಪ್ಪು ಬಿಳುಪಿನ ಪ್ರಿಂಟಿನ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದರು: ರುಮಾಲಿಗೆ ಗುಲಾಬಿ, ಜರಿಗೆ ಹಳದಿ. ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಮನುಷ್ಯ, ಕೈಯಲ್ಲಿ ಕೋಲು, ಎದೆಯ ಮೇಲೆ ಸ್ಪಷ್ಟವಾದ ಕರಡಿಗೆ, ಕಂಬಳಿಯ ಮೇಲೆ ಎರಡೂ ಪಾದ. ಅದರ ಪಕ್ಕದಲ್ಲಿ ಅಷ್ಟೇ ಅಗಲದ ಜಾಗ ಖಾಲಿಯಿತ್ತು, ಮೊಳೆ ಕೂಡ ಹೊಡೆದಿತ್ತು. "ಇದು ಚಲೋ ಅದ ತಮ್ಮಾ. ಆದ್ರ ನಮ್ಮಪ್ಪನ ಬಾಜೂಕ ಇದನ್ನ ಹೆಂಗ ಹಾಕಲಿ?" ಎಂದರು.

ಕುರ್ಚಿ, ಪಾದ, ಕರಡಿಗೆ, ಗುಲಾಬಿ ರುಮಾಲು, ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾದವು. ಅವರು ಕೇಳಿದ್ದನ್ನು ನಾನು ಹಳೆಯ ಕಾಲದ ಅಭಿರುಚಿ ಎಂದು ತಳ್ಳಿಹಾಕಿದ್ದೆ. ಅವರಿಗೆ ಅದು ತಂದೆಯ ಪಕ್ಕದಲ್ಲಿ ಕುಳಿತುಕೊಳ್ಳುವ ಮಾತಾಗಿತ್ತು. ಮುಖ ಪೂರ್ತಿ ಬೆಳಗಿ, ಉಡುಗೆ ಆಭರಣಗಳೆಲ್ಲ ಕಾಣುವ ಹಾಗೆ ಎದುರು ಕುಳ್ಳಿರಿಸುವ ಆ ಪದ್ಧತಿಯೂ ಅರಿವಿಲ್ಲದವರ ಕೆಲಸವಲ್ಲ. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905), ಸಿಕಂದರಾಬಾದಿನ ತಮ್ಮ ಸ್ಟುಡಿಯೋದಲ್ಲಿ ತೆಗೆದ ಭಾವಚಿತ್ರಗಳನ್ನು ಆ ಘಟನೆಯ ನಂತರ ಮತ್ತೆ ಕುಳಿತು ನೋಡಿದೆ. ಕುಳಿತವರ ಘನತೆ ಕೆಡದಂತೆ ಬೆಳಕನ್ನು ಹದವಾಗಿ ಹರಡುವುದು ಎಷ್ಟು ಕಷ್ಟವೆಂದು, ಅದನ್ನು ಮಾಡಲು ಹೋದಾಗಷ್ಟೇ ತಿಳಿಯುತ್ತದೆ. ಒಂದು ದೀಪ ಇಟ್ಟು ಉಳಿದದ್ದನ್ನು ಕತ್ತಲೆಗೆ ಬಿಡುವುದು ಅದಕ್ಕಿಂತ ಸುಲಭ.

ತೆಗೆದ ಎರಡು ಫ್ರೇಮುಗಳು ಅಳಿಸಿಹೋಗಿದ್ದವು. ಎರಡನೆಯ ಪ್ರಿಂಟ್ ಮತ್ತು ಫ್ರೇಮಿನ ಖರ್ಚನ್ನು ಮಾಲೀಕರು ನನ್ನ ಸಂಬಳದಲ್ಲಿ ಹಿಡಿದರು. ಅದರ ಬಗ್ಗೆ ನನ್ನ ತಕರಾರಿಲ್ಲ. ಮುಂದಿನ ವಾರ ಬೆಳಿಗ್ಗೆ ಅವರ ಮನೆಗೇ ಹೋದೆ. ಕ್ಯಾಮೆರಾ ತೆಗೆಯುವ ಮೊದಲು ತಂದೆಯ ಚಿತ್ರದ ಮುಂದೆ ಕಾಲು ಗಂಟೆ ನಿಂತೆ. ಕಣ್ಣಿನೊಳಗಿನ ಬೆಳಕಿನ ಚುಕ್ಕಿ, ಮೂಗಿನ ಕೆಳಗಿನ ನೆರಳು, ಇವೆರಡನ್ನು ನೋಡಿದರೆ ಬೆಳಕು ಯಾವ ಕಡೆಯಿಂದ, ಎಷ್ಟು ಎತ್ತರದಿಂದ ಬಂದಿತ್ತೆಂದು ತಿಳಿಯುತ್ತದೆ. ನಮ್ಮ ಅದೃಷ್ಟಕ್ಕೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿದರೆ ಬಾಗಿಲಿನ ಬೆಳಕೂ ಅದೇ ಕಡೆಯಿಂದ ಬೀಳುತ್ತಿತ್ತು. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರಿಂದ ಕೆಳಗಿನಿಂದ ಬೆಳಕು ಏಳಲಿಲ್ಲ. ಫ್ರೇಮಿನ ಹೊರಗೆ ಬಿಳಿ ಚಾದರ ಹಾಸಿದೆ, ಥರ್ಮಾಕೋಲನ್ನು ಈ ಸಲ ಬಿಳಿ ಮಗ್ಗುಲು ತಿರುಗಿಸಿದೆ. 50 ಎಂಎಂನಲ್ಲಿ, ಅಜ್ಜನ ಎದೆಯ ಎತ್ತರಕ್ಕೆ ಕ್ಯಾಮೆರಾ ಇಳಿಸಿ ತೆಗೆದೆ. 20×30 ಬೇಡ, ತಂದೆಯ ಚಿತ್ರದ ಅಳತೆಯೇ ಸಾಕು ಎಂದು ನಾನೇ ಹೇಳಿದೆ. ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದೆ, ಗಾಜು ಹಾಕಿಸಲಿಲ್ಲ. ಈಗ ಆ ಗೋಡೆಯ ಮೇಲೆ ಎರಡೂ ಚಿತ್ರಗಳಿಗೆ ಒಂದೇ ಬಾಗಿಲಿನಿಂದ ಬೆಳಕು ಬಿದ್ದ ಹಾಗೆ ಕಾಣುತ್ತದೆ. ನನ್ನ 14 ವರ್ಷಗಳ ಕೆಲಸದಲ್ಲಿ ಬೆಳಕಿನ ಬಗ್ಗೆ ಇಷ್ಟು ಯೋಚಿಸಿ ಮಾಡಿದ ಚಿತ್ರ ಇನ್ನೊಂದಿಲ್ಲ. ಆ ಮನೆಯಲ್ಲಿ ಯಾರಿಗೂ ಅದು ಬೆಳಕಿನ ಕೆಲಸವೆಂದು ಅನ್ನಿಸುವುದಿಲ್ಲ.

ಮಾಲೀಕರು ಈ ಪ್ರಸಂಗದಿಂದ ಬೇರೆಯೇ ತೀರ್ಮಾನಕ್ಕೆ ಬಂದರು: ಗಿರಾಕಿ ಹೇಳಿದ್ದನ್ನಷ್ಟೇ ಮಾಡಬೇಕು, ಹೆಚ್ಚು ತಲೆ ಓಡಿಸಬಾರದು. ಇದನ್ನು ನಾನು ಒಪ್ಪುವುದಿಲ್ಲ. ಎರಡೇ ತಿಂಗಳಲ್ಲಿ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ವರನ ಕಡೆಯವರಿಗೆ ಕಳಿಸುವ ಫೋಟೋ ಬೇಕಿತ್ತು, ಮಗಳ ಬಣ್ಣವನ್ನು "ಸ್ವಲ್ಪ ತೆಗೀರಿ" ಎಂದರು. ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ಆ್ಯಕ್ಷನ್ ಇದೆ. ಒಂದು ಬಟನ್ ಒತ್ತಿದರೆ ಚರ್ಮ ನುಣುಪಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ಮುಖ ಯಾರದೋ ಆಗುತ್ತದೆ. ಅದನ್ನು ಒತ್ತುವಂತೆ ಕೌಂಟರಿನಿಂದ ಅಪ್ಪಣೆಯೂ ಬಂತು. ಹುಡುಗಿ ಪಕ್ಕದಲ್ಲಿಯೇ ನಿಂತಿದ್ದಳು. ಅಜ್ಜನ ವಿಷಯದಲ್ಲಿ ಮಾಡದಿದ್ದ ಕೆಲಸವನ್ನು ಇಲ್ಲಿ ಮಾಡಿದೆ, ಅವಳನ್ನೇ ಕೇಳಿದೆ. "ನಾ ಹೆಂಗ ಇದ್ದೀನಿ ಹಂಗೇ ಇರ್ಲಿ ಸರ್" ಎಂದಳು.

ತಂದೆಗೆ ಅವಳ ಹಳೆಯ ಫೋಟೋ ಕಪ್ಪಾಗಿ ಬಂದ ಕಾರಣವನ್ನು ತೋರಿಸಿದೆ. ಬಿಳಿ ಪರದೆಯ ಮುಂದೆ ನಿಲ್ಲಿಸಿದಾಗ ಕ್ಯಾಮೆರಾದ ಮೀಟರ್ ಆ ಬಿಳುಪನ್ನು ನಡುಬೂದು ಮಾಡಲು ನೋಡುತ್ತದೆ, ಅದರ ಜೊತೆಗೆ ಮುಖವೂ ಇರುವುದಕ್ಕಿಂತ ಕಪ್ಪಾಗುತ್ತದೆ. ಬೂದು ಪರದೆ ಹಾಕಿ, ದೊಡ್ಡ ಸಾಫ್ಟ್‌ಬಾಕ್ಸನ್ನು ಹತ್ತಿರ ತಂದು, ಮುಖಕ್ಕೆ ಸರಿಯಾದ ಎಕ್ಸ್‌ಪೋಷರ್ ಕೊಟ್ಟಾಗ ಅವಳ ಬಣ್ಣ ಅವಳದೇ ಆಗಿ, ಕೆನ್ನೆಯ ಮೇಲೆ ಹೊಳಪು ಬಂತು. ನನಗೆ ಅದು ಬಹಳ ಚೆಲುವಾದ ಚಿತ್ರ. ತಂದೆ ಒಂದು ಪ್ರತಿ ತೆಗೆದುಕೊಂಡು, ಮುಖದಲ್ಲಿ ಒಪ್ಪಿಗೆ ಇಲ್ಲದೆ ಹೋದರು. ಬೇರೆ ಸ್ಟುಡಿಯೋದಲ್ಲಿ ಮತ್ತೆ ತೆಗೆಸಿದರೆಂದು ಆಮೇಲೆ ತಿಳಿಯಿತು. ಮಾಲೀಕರು ಎರಡು ದಿನ ಮಾತಾಡಲಿಲ್ಲ.

ಕುರ್ಚಿ ಬೇಕೆಂದರೆ ಕುರ್ಚಿ, ಬಣ್ಣದ ಚಿತ್ರ ಬೇಕೆಂದರೆ ಬಣ್ಣ, ಎದುರಿನ ಬೆಳಕು ಬೇಕೆಂದರೆ ಅದೂ ಸರಿ. ಅವು ಗೋಡೆಯ ಮತ್ತು ಮನೆಯ ವಿಷಯಗಳು, ಅವುಗಳಲ್ಲಿ ನನ್ನ ಹಟ ಈಗ ಇಲ್ಲ. ಮುಖವನ್ನು ಬದಲಿಸಿ ಎಂದರೆ ಮಾತ್ರ ಚಿತ್ರದಲ್ಲಿರುವವರ ಕಡೆ ತಿರುಗಿ ನೋಡುತ್ತೇನೆ. ಅಜ್ಜನ ಆ ಕಪ್ಪು ಬಿಳುಪಿನ ಚಿತ್ರವನ್ನು ಅವರೇ ನನಗೆ ಮರಳಿ ಕೊಟ್ಟಿದ್ದಾರೆ. ಗಾಜು ತೆಗೆದು, ಸ್ಟುಡಿಯೋದ ಒಳಕೋಣೆಯಲ್ಲಿ, ಎಡಿಟಿಂಗ್ ಟೇಬಲ್ಲಿನ ಎದುರಿಗೆ ಹಾಕಿಕೊಂಡಿದ್ದೇನೆ. ಅದರ ಕೆಳಗೆ ಈಗ ಆರ್ಡರ್ ಪುಸ್ತಕ ಇರುತ್ತದೆ; ಅಳತೆ, ಮುಂಗಡ, ತಾರೀಖುಗಳ ಪಕ್ಕದಲ್ಲಿ ಪೆನ್ನಿನಿಂದ ಗೆರೆ ಎಳೆದು "ಗೋಡೆ" ಎಂದು ಇನ್ನೊಂದು ಕಾಲಮ್ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಆಳಂದದ ಒಂದು ಮನೆಗೆ ಹೋಗುವುದಿದೆ. ಚಿತ್ರ ತೆಗೆಯುವುದು ಮುಂದಿನ ವಾರ. ನಾಳೆ ಗೋಡೆ ನೋಡಿ ಬರುವುದಷ್ಟೇ ಕೆಲಸ. ಬಸ್ ಖರ್ಚು ಕೊಡುವುದಿಲ್ಲವೆಂದು ಮಾಲೀಕರು ಈಗಾಗಲೇ ಹೇಳಿದ್ದಾರೆ.