ಸ್ಟಾಟಿಸ್ಟಾದ ಮನೆ, ಪಿಸೋಡೇರಿಯ ಚರ್ಚು

ಥೆಸ್ಸಲೊನೀಕಿಯಿಂದ ಹೊರಟ ಬಸ್ಸು ಎಗ್ನಾಟಿಯಾ ಹೆದ್ದಾರಿಯ ಸುರಂಗಗಳನ್ನು ಒಂದೊಂದಾಗಿ ದಾಟಿ, ಸಿಯಾಟಿಸ್ಟಾ ಎಂಬ ಫಲಕದ ಬಳಿ ಉತ್ತರಕ್ಕೆ, ಕಸ್ಟೋರಿಯಾದ ಕಡೆಗೆ ಹೊರಳಿತು. ಆ ಹೆಸರನ್ನು ಕಂಡೊಡನೆ ಎದ್ದು ಕುಳಿತೆ. ನಾನು ಹುಡುಕಿಕೊಂಡು ಬಂದಿದ್ದ ಊರಿನ ಹೆಸರು ಸ್ಟಾಟಿಸ್ಟಾ. ಉಚ್ಚಾರಣೆ ಹತ್ತಿರವಾದ್ದರಿಂದ ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಆದರೆ ಸಿಯಾಟಿಸ್ಟಾ ಹಳೆಯ ವರ್ತಕರ ಪಟ್ಟಣ. ಸ್ಟಾಟಿಸ್ಟಾ ಕಸ್ಟೋರಿಯಾದಾಚೆ ಬೆಟ್ಟಗಳ ಮರೆಯಲ್ಲಿರುವ ಪುಟ್ಟ ಹಳ್ಳಿ. ಗ್ರೀಕ್ ಗೆರಿಲ್ಲಾ ನಾಯಕ ಪಾವ್ಲೋಸ್ ಮೆಲಾಸ್ 1904ರ ಅಕ್ಟೋಬರ್ 13ರಂದು ಗುಂಡು ತಗುಲಿ ಸತ್ತದ್ದು ಅಲ್ಲಿ. ಆಗ ಗ್ರೀಸಿನಲ್ಲಿದ್ದ ಹಳೆಯ ಪಂಚಾಂಗದ ತಾರೀಖು ಅದು. ಇಂದಿನ ಲೆಕ್ಕಕ್ಕೆ ಅಕ್ಟೋಬರ್ 26. ಈಗಿನ ನಕ್ಷೆಯಲ್ಲಿ ಸ್ಟಾಟಿಸ್ಟಾ ಎಂದು ಹುಡುಕಿದರೆ ಸಿಗುವುದಿಲ್ಲ. ಊರಿಗೆ ಅವನ ಹೆಸರನ್ನೇ ಇಟ್ಟಿದ್ದಾರೆ, ಮೆಲಾಸ್ ಎಂದು.

ಹಿಂದಿನ ದಿನ ಥೆಸ್ಸಲೊನೀಕಿಯಲ್ಲಿ ಮ್ಯಾಸಿಡೋನಿಯಾ ಹೋರಾಟದ ವಸ್ತುಸಂಗ್ರಹಾಲಯವನ್ನು ನೋಡಿದ್ದೆ. ಓಟೊಮನ್ ಆಳ್ವಿಕೆಯಲ್ಲಿದ್ದ ಮ್ಯಾಸಿಡೋನಿಯಾ ಪ್ರದೇಶಕ್ಕಾಗಿ ಗ್ರೀಕ್ ಮತ್ತು ಬಲ್ಗೇರಿಯನ್ ಪಕ್ಷದ ತಂಡಗಳು ನಡೆಸಿದ ಕಾದಾಟ ಅದು. ಮಹಾಚರ್ಚಿನ ಪಕ್ಕದಲ್ಲಿರುವ ಆ ಕಟ್ಟಡ ಓಟೊಮನ್ ಕಾಲದಲ್ಲಿ ಗ್ರೀಕ್ ಕಾನ್ಸುಲೇಟ್ ಕಚೇರಿಯಾಗಿತ್ತು. ಬೆಟ್ಟದ ಗ್ರೀಕ್ ತಂಡಗಳಿಗೆ ಹಣ, ಆಯುಧ, ಸುದ್ದಿಗಳನ್ನು ತಲುಪಿಸುವ ಕೆಲಸದ ಬಹುಪಾಲು ನಡೆದದ್ದು ಅಲ್ಲಿಂದಲೇ. ಗ್ರೀಸಿನ ಪ್ರತಿಯೊಂದು ಮಗುವಿಗೂ ಪರಿಚಿತವಾದ ಮೆಲಾಸನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಳ್ಳಿಯ ಹೋರಾಟಗಾರನ ಉಡುಪು, ಕೈಯಲ್ಲಿ ಬಂದೂಕು. ಆದರೆ ಮುಖ ಮಾತ್ರ ಅಥೆನ್ಸಿನ ಶ್ರೀಮಂತ ಮನೆತನದ್ದು.

ಅವನು ಹುಟ್ಟಿದ್ದು 1870ರಲ್ಲಿ, ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ. ಎಪೈರಸ್ ಮೂಲದ ವರ್ತಕ ಮನೆತನ; ತಂದೆ ಮುಂದೆ ಅಥೆನ್ಸಿನ ಮೇಯರ್ ಆದರು. ಪಾವ್ಲೋಸ್ ಸೈನಿಕ ಶಾಲೆಯಲ್ಲಿ ಓದಿ ಫಿರಂಗಿ ದಳದ ಅಧಿಕಾರಿಯಾದ. 1892ರಲ್ಲಿ, ಮುಂದೆ ಪ್ರಧಾನಿಯಾಗಲಿದ್ದ ಸ್ಟೆಫಾನೋಸ್ ದ್ರಗೂಮಿಸರ ಮಗಳು ನತಾಲಿಯಾಳನ್ನು ಮದುವೆಯಾದ. 1897ರ ಯುದ್ಧದಲ್ಲಿ ಗ್ರೀಸ್ ಓಟೊಮನ್ ಸೇನೆಯ ಮುಂದೆ ಕೆಲವೇ ವಾರಗಳಲ್ಲಿ ಸೋತುಹೋದದ್ದನ್ನು ಕಣ್ಣಾರೆ ಕಂಡವನು ಅವನು. ಆ ಅವಮಾನ ಅವನ ಪೀಳಿಗೆಯ ಅಧಿಕಾರಿಗಳನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಕಸ್ಟೋರಿಯಾ ಸರೋವರದೊಳಕ್ಕೆ ಚಾಚಿಕೊಂಡ ಊರು. ತುಪ್ಪಳದ ವ್ಯಾಪಾರಕ್ಕೂ ಬೈಜಾಂಟೈನ್ ಕಾಲದ ಚರ್ಚುಗಳಿಗೂ ಹೆಸರಾದದ್ದು. ಬೆಳಗಿನ ಮಂಜು ಇನ್ನೂ ನೀರಿನ ಮೇಲಿರುವಾಗಲೇ ಏರುದಾರಿಯ ಮೆಟ್ಟಿಲುಗಳನ್ನು ಹತ್ತಿ ತಕ್ಸಿಯಾರ್ಖೆಸ್ ಚರ್ಚಿಗೆ ಹೋದೆ. ಮೆಲಾಸನ ಸಮಾಧಿ ಇರುವುದು ಇಲ್ಲಿ. ಅವನು ಸತ್ತ ಮೇಲೂ ಏಳು ದಶಕಗಳ ಹತ್ತಿರ ಬದುಕಿ 1973ರಲ್ಲಿ ತೀರಿಕೊಂಡ ನತಾಲಿಯಾ ಅವನ ಪಕ್ಕದಲ್ಲೇ ಮಲಗಿದ್ದಾಳೆ. ಅವನ ಗುಪ್ತನಾಮ ಮೀಕಿಸ್ ಝೇಝಾಸ್ ಎಂದಿತ್ತು. ಮಗ ಮಿಖಾಯಿಲ್, ಮಗಳು ಝೋಯೀ. ಇಬ್ಬರ ಮುದ್ದಿನ ಹೆಸರುಗಳನ್ನು ಕೂಡಿಸಿ ಅದನ್ನು ಕಟ್ಟಿಕೊಂಡಿದ್ದ. ಕಾಡಿನಲ್ಲಿ ಯಾರು ಅವನನ್ನು ಕರೆದರೂ ಮಕ್ಕಳ ಹೆಸರೇ ಕಿವಿಗೆ ಬೀಳುತ್ತಿತ್ತು ಎಂಬುದನ್ನು ಆ ಸಮಾಧಿಯ ಮುಂದೆ ನಿಂತು ನೆನೆದಾಗ ಗಂಟಲು ಬಿಗಿಯಿತು.

ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಕೊರೆಸ್ಟಿಯಾ ಪ್ರದೇಶಕ್ಕೆ ಹೊರಟೆ. ಇಲ್ಲಿನ ಹಳ್ಳಿಗಳ ಮನೆಗಳು ಕೆಂಪು ಮಣ್ಣಿನ ಹಸಿ ಇಟ್ಟಿಗೆಯವು. ಅನೇಕ ಮನೆಗಳ ಮಾಡು ಕುಸಿದು, ಗೋಡೆಗಳು ಮಳೆಗೆ ಕರಗುತ್ತ ನಿಂತಿವೆ. 1946–49ರ ಅಂತರ್ಯುದ್ಧ ಈ ಕಡೆಯ ಜನರನ್ನು ಚದುರಿಸಿತು. ಆದರೆ ಒಡಕು ಅದಕ್ಕಿಂತ ಹಳೆಯದು. 1870ರಲ್ಲಿ ಸುಲ್ತಾನನ ಫರ್ಮಾನಿನಿಂದ ಬಲ್ಗೇರಿಯನ್ನರಿಗೆ ಎಕ್ಸಾರ್ಕೇಟ್ ಎಂಬ ಪ್ರತ್ಯೇಕ ಧರ್ಮಪೀಠ ದೊರೆಯಿತು; ಒಂದು ಪ್ರದೇಶದ ಕ್ರೈಸ್ತರಲ್ಲಿ ಮೂರರಲ್ಲಿ ಎರಡು ಪಾಲು ಜನ ಬಯಸಿದರೆ ಅವರು ಕಾನ್‌ಸ್ಟಾಂಟಿನೋಪಲಿನ ಗ್ರೀಕ್ ಧರ್ಮಪೀಠವನ್ನು ಬಿಟ್ಟು ಅದನ್ನು ಸೇರಬಹುದಿತ್ತು. ಅಂದಿನಿಂದ ಊರಿನ ಪಾದ್ರಿ ಯಾರು, ಶಾಲೆಯ ಮೇಷ್ಟ್ರು ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂಬುದೇ ಪ್ರಾಣದ ಪ್ರಶ್ನೆಯಾಯಿತು. ಓಟೊಮನ್ ಆಳ್ವಿಕೆಯ ವಿರುದ್ಧ ಎದ್ದ 1903ರ ಇಲಿಂಡೆನ್ ದಂಗೆಯನ್ನು ಸೇನೆ ಹಳ್ಳಿಗಳನ್ನು ಸುಟ್ಟು ಅಡಗಿಸಿದ ಮೇಲೆ, ಗ್ರೀಕ್, ಬಲ್ಗೇರಿಯನ್ ಎರಡೂ ಕಡೆಯ ಸಶಸ್ತ್ರ ತಂಡಗಳು ಒಂದೇ ಹಳ್ಳಿಯನ್ನು ಸರದಿಯಂತೆ ಹೊಕ್ಕು ನಿಷ್ಠೆ ಕೇಳತೊಡಗಿದವು.

ದಾರಿಯಲ್ಲಿ ಉತ್ತರದ ಕಡೆ ಕೈತೋರಿಸಿ ಚಾಲಕರು ಕೊಟ್ಟಾಸನ ಊರು ಆ ಕಡೆಗಿದೆ ಎಂದರು. ಕಪೆತಾನ್, ಅಂದರೆ ತಂಡದ ನಾಯಕ, ಕೊಟ್ಟಾಸ್ ಸ್ಲಾವಿಕ್ ಭಾಷೆಯನ್ನಾಡುವ ರೈತ. ಮೊದಲು ಎದುರು ಪಕ್ಷದ ಸಂಘಟನೆಯ ಜೊತೆಗಿದ್ದು, ಆಮೇಲೆ ಕಸ್ಟೋರಿಯಾದ ಬಿಷಪ್ ಗೆರ್ಮಾನೋಸ್ ಕರವಂಗೆಲಿಸನ ಮಾತಿಗೆ ಒಲಿದು ಗ್ರೀಕ್ ಪಕ್ಷಕ್ಕೆ ಬಂದವನು. 1904ರ ವಸಂತದಲ್ಲಿ ಮೆಲಾಸ್ ಮೊದಲ ಸಲ ಗುಟ್ಟಾಗಿ ಗಡಿ ದಾಟಿ ಬಂದಾಗ ಈ ಬೆಟ್ಟಗಳಲ್ಲಿ ಜೊತೆಗಾರನಾದವನು ಅವನೇ. ಓಟೊಮನ್ ಅಧಿಕಾರಿಗಳು 1905ರಲ್ಲಿ ಮೊನಾಸ್ಟಿರ್ (ಇಂದಿನ ಬಿಟೋಲಾ) ನಗರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೆಲಾಸನ ಕಥೆಯನ್ನು ಹೇಳುವವರು ಕೊಟ್ಟಾಸನನ್ನು ಎರಡು ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ. ಅಥೆನ್ಸಿನಿಂದ ಬಂದ ಅಧಿಕಾರಿಗೆ ಇಲ್ಲಿಯ ಜನರ ಮನೆಮಾತು ಬಾರದು, ಕೊಟ್ಟಾಸನಿಗೆ ಅದೇ ಮನೆಮಾತು.

ಮೆಲಾಸ್ ಹಳ್ಳಿಯಲ್ಲಿ ಅವನು ಸತ್ತ ಮನೆ ಈಗ ಸಣ್ಣ ಸಂಗ್ರಹಾಲಯ. ಆಗಸ್ಟಿನ ಕೊನೆಯಲ್ಲಿ ಕಸ್ಟೋರಿಯಾ ಮತ್ತು ಮೊನಾಸ್ಟಿರ್ ಪ್ರದೇಶಗಳ ನಾಯಕತ್ವ ಹೊತ್ತು ಗಡಿ ದಾಟಿದ ಅವನು ಒಂದೂವರೆ ತಿಂಗಳು ಮಳೆಯಲ್ಲಿ, ಕೆಸರಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಇಲ್ಲಿಗೆ ಬಂದಿದ್ದ. ಅವನ ತಂಡ ಎದುರು ಪಂಗಡದವರನ್ನು ಕೊಂದಿತ್ತು. ಹೆಂಡತಿಗೆ ಬರೆದ ಪತ್ರಗಳಲ್ಲಿ ಮನೆಯ ಹಂಬಲದ ಜೊತೆಗೆ ಆ ಸಂಕಟವೂ ಇದೆ. ತಂಡ ಊರಿನ ಮನೆಗಳಲ್ಲಿ ತಂಗಿರುವಾಗ ಓಟೊಮನ್ ಪಡೆ ಸುತ್ತುವರಿಯಿತು. ಗುಂಡು ಸೊಂಟಕ್ಕೆ ತಗುಲಿತು; ಸ್ವಲ್ಪ ಹೊತ್ತಿನಲ್ಲಿ ಸಂಗಾತಿಗಳ ನಡುವೆಯೇ ಅವನು ಪ್ರಾಣಬಿಟ್ಟ. ವಯಸ್ಸು ಮೂವತ್ತನಾಲ್ಕು. ಆ ಗುಂಡು ಯಾರದೆಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳಿದ್ದಾರೆ.

ಸತ್ತವನು ಗ್ರೀಕ್ ಸೇನೆಯ ಅಧಿಕಾರಿ ಎಂದು ಗುರುತು ಸಿಗಬಾರದೆಂದು ಅವನ ಕಡೆಯವರೇ ತಲೆಯನ್ನು ಕತ್ತರಿಸಿ ಬೆಟ್ಟ ದಾಟಿಸಿ ಪಿಸೋಡೇರಿ ಎಂಬ ಹಳ್ಳಿಗೆ ಒಯ್ದರು. ಮುಂಡವನ್ನು ಬಿಷಪ್ ಕರವಂಗೆಲಿಸ್ ಓಟೊಮನ್ ಅಧಿಕಾರಿಗಳಿಂದ ಕೇಳಿ ಪಡೆದು ಕಸ್ಟೋರಿಯಾದಲ್ಲಿ ಮಣ್ಣುಮಾಡಿಸಿದ. ಸುದ್ದಿ ಅಥೆನ್ಸ್ ತಲುಪಿದಾಗ ನಗರವೇ ಶೋಕದಲ್ಲಿ ಮುಳುಗಿತು. ಆ ಬಳಿಕ ಅಧಿಕಾರಿಗಳು, ಸ್ವಯಂಸೇವಕರು ತಂಡತಂಡವಾಗಿ ಉತ್ತರಕ್ಕೆ ನಡೆದರು. ಒಂದೂವರೆ ತಿಂಗಳ ಅಲೆದಾಟದಿಂದ ಆಗದ್ದನ್ನು ಅವನ ಸಾವು ಮಾಡಿತು ಎಂದೇ ನಾನು ತಿಳಿಯುತ್ತೇನೆ. 1908ರ ತರುಣ ತುರ್ಕರ ಕ್ರಾಂತಿಯವರೆಗೆ ಈ ಕಾದಾಟ ನಡೆಯಿತು.

ಪಿಸೋಡೇರಿ ತಲುಪುವಾಗ ಬಿಸಿಲು ಇಳಿದಿತ್ತು. ತಲೆಯನ್ನು ಹೂತ ಆಯಿಯಾ ಪರಸ್ಕೆವಿ ಚರ್ಚಿನ ಬಾಗಿಲಿಗೆ ಚಿಲಕ ಹಾಕಿತ್ತು. ಚಾಲಕರು ಪಕ್ಕದ ಮನೆಯಲ್ಲಿ ವಿಚಾರಿಸಿದಾಗ ವೃದ್ಧೆಯೊಬ್ಬರು ಬೀಗದ ಕೈ ಹಿಡಿದು ಬಂದು, ಒಳಗೆ ದೀಪ ಹಾಕಿ, ಏನೂ ಕೇಳದೆ ನನ್ನ ಕೈಗೊಂದು ಮೇಣದಬತ್ತಿ ಕೊಟ್ಟರು. ಅದನ್ನು ಹಚ್ಚಿ ಮರಳಿನಲ್ಲಿ ನೆಟ್ಟೆ. ಹೊರಡುವಾಗ ಅವರು ಚಾಲಕರೊಡನೆ ಮಾತಾಡಿದ್ದು ಗ್ರೀಕ್ ಅಲ್ಲ, ಈ ಬೆಟ್ಟದ ಹಳೆಯ ಸ್ಲಾವಿಕ್ ಮಾತು ಎಂದು ಕೆಳಗಿಳಿಯುವ ದಾರಿಯಲ್ಲಿ ಚಾಲಕರು ಹೇಳಿದರು.